ಏರ್‌ಬ್ಯಾಗಿನ ಮೇಲೆ ಕೂತ ಗಣಪತಿ

ಮದುವೆ ಆರ್ಕೆಸ್ಟ್ರಾಗಳಲ್ಲಿ ಕಂಡವರ ದನಿಯನ್ನೆಲ್ಲ ಅನುಕರಿಸಿ ಹೊಟ್ಟೆ ಹೊರೆಯುವವನು ನಾನು. ಹಾಗೆ ದುಡಿದು ಕೊಂಡ ಹಳೆಯ ಕಾರಿಗೆ ಕೆ.ಆರ್. ಪುರದ ಬಾಡಿಗೆ ಮನೆಯೆದುರು ಪೂಜೆ ಮಾಡಿದ ದಿನ, ಅವ್ವ ಅಂಗೈಯಗಲದ ಹಿತ್ತಾಳೆ ಗಣಪತಿಯನ್ನು ಡ್ಯಾಶ್‌ಬೋರ್ಡಿನ ಎಡಕ್ಕೆ ಗಮ್ ಹಾಕಿ ಅಂಟಿಸಿದಳು. ಅಲ್ಲಿ ಏನೋ ಇಂಗ್ಲಿಷ್ ಅಕ್ಷರಗಳಿದ್ದವು, ಗಣಪತಿ ಅವನ್ನು ಪೂರ್ತಿ ಮುಚ್ಚಿದ. ಪೀಠಕ್ಕೆಂದೇ ಮಾಡಿದ ಜಾಗವೆಂದು ನಾನೂ ತಲೆಯಾಡಿಸಿದೆ. ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ.

ಬೆಲ್ಟ್ ಹಾಕದಿದ್ದರೆ ಕಾರು ಕೂಗುತ್ತಿತ್ತು. ಶಿವಾಜಿನಗರದ ಸೀಟ್ ಕವರ್ ಅಂಗಡಿಯಿಂದ ಬೆಲ್ಟಿಲ್ಲದ ಬರೀ ಕ್ಲಿಪ್ಪು ಎರಡು ತಂದು ಬೆಲ್ಟ್ ಹಾಕುವ ಜಾಗಕ್ಕೆ ಸಿಕ್ಕಿಸಿದೆ. ಬೆಲ್ಟ್ ಹಾಕಿದ್ದಾರೆಂದು ನಂಬಿ ಕಾರು ಸುಮ್ಮನಾಯಿತು. ಮನುಷ್ಯರ್ಯಾರೂ ನನ್ನನ್ನು ಇಷ್ಟು ಸುಲಭವಾಗಿ ನಂಬಿದ್ದಿಲ್ಲ.

ಅಷ್ಟರಲ್ಲಿ ಚೊಚ್ಚಲ ಹೆರಿಗೆಗೆಂದು ಅಕ್ಕ ಕಲಬುರಗಿಯಿಂದ ಬಂದಳು, ಏಳು ತಿಂಗಳು. ಹಿಂದಿನ ಸೀಟಿನಲ್ಲಿ ಕೂತರೆ ವಾಂತಿ, ಹಾಗಾಗಿ ಆಸ್ಪತ್ರೆಗೆ ಹೋಗುವಾಗ ಮುಂದೆಯೇ ಕೂರುತ್ತಿದ್ದಳು. ಅವಳ ಬೆನ್ನಿಗೆ ಮೆತ್ತನೆಯ ಕವರ್ ಹಾಕಿಸಲು ಮತ್ತೆ ಅದೇ ಅಂಗಡಿಗೆ ಹೋದೆ. ಅಳತೆಗೆಂದು ಬಗ್ಗಿದ ಅಂಗಡಿಯ ಭಾಯ್, ಗಣಪತಿಯನ್ನು ನೋಡಿ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಇಲ್ಲಿ ಯಾರು ಕೂರುತ್ತಾರೆಂದು ಕೇಳಿದರು. ಹೇಳಿದೆ.

ಮೂರ್ತಿಯ ಕೆಳಗೆ ಮಡಚಿಟ್ಟ ಚೀಲವಿದೆಯಂತೆ, ಅದೇ ಏರ್‌ಬ್ಯಾಗ್. ಕಾರು ಜೋರಾಗಿ ಗುದ್ದಿದರೆ ಸೆನ್ಸರು ಸುದ್ದಿ ಮುಟ್ಟಿಸುತ್ತದೆ, ಒಳಗಿನ ಮದ್ದಿಗೆ ಕಿಡಿ ಹತ್ತಿ ಗ್ಯಾಸಾಗುತ್ತದೆ, ನಾವು ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಚೀಲ ಮುಚ್ಚಳ ಸೀಳಿ ಉಬ್ಬುತ್ತದೆ. ತಲೆ, ಎದೆ ಬಂದು ತಾಗುವಾಗ ತೂತುಗಳಿಂದ ಗ್ಯಾಸ್ ಬಿಡುತ್ತ ಮೆತ್ತಗೆ ಕುಗ್ಗುತ್ತದೆ. ಆದರೆ ಈ ಉಪಚಾರವೆಲ್ಲ ಬೆಲ್ಟು ತಡೆದು ನಿಲ್ಲಿಸಿದ ಮೈಗೆ ಮಾತ್ರ. ಬೆಲ್ಟಿಲ್ಲದವರು ಮುಂದಕ್ಕೆ ಮುಗ್ಗರಿಸಿ, ಇನ್ನೂ ಉಬ್ಬುತ್ತಿರುವ ಚೀಲಕ್ಕೇ ಎದೆ ಕೊಡುತ್ತಾರೆ.

"ಬೆಲ್ಟ್ ಹಾಕಿದ್ರೆ ಅದು ಹಿಡ್ಕೊಳ್ಳತ್ತೆ, ಇಲ್ಲಾಂದ್ರೆ ಹೊಡಿಯತ್ತೆ. ಅದಕ್ಕೂ ಮುಂಚೆ ಈ ಮೂರ್ತಿ ಹಾರ್ಕೊಂಡ್ ಬರತ್ತೆ," ಎಂದರು ಭಾಯ್.

ಕ್ಲಿಪ್ಪು ಮಾರಿದವರು ನೀವೇ ಅಲ್ಲವೇ ಎಂದೆ.

"ನೀನ್ ಕೇಳ್ದೆ, ಕೊಟ್ಟೆ. ಬಸುರಿ ಕೂತ್ಕೊಳ್ತಾರೆ ಅಂತ ಹೇಳಿದ್ಯಾ ಗುರು?"

ಮನೆಗೆ ಬಂದು ಎಲ್ಲವನ್ನೂ ಭಾಯ್ ದನಿಯಲ್ಲೇ ಹೇಳಿದೆ. ಚಟ, ಏನು ಮಾಡುವುದು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅವ್ವ ಇನ್ನೊಂದು ಸಲ ಮಾಡು ಎಂದಳು. ಗಾಬರಿಯಾಗಿ ನನ್ನದೇ ದನಿಯಲ್ಲಿ ಮೊದಲಿನಿಂದ ಹೇಳಿದೆ. ಅವ್ವ ಕಿವಿಗೊಟ್ಟು ಕೇಳಿದಳು.

"ಇದ್ಯಾರ ದನಿಯೋ? ಗುರ್ತು ಸಿಗವಲ್ದು."

ಗುರುತು ಸಿಕ್ಕ ಮೇಲೂ ಒಪ್ಪಲಿಲ್ಲ. ಪೂಜೆ ಮಾಡಿ ಕೂಡಿಸಿದ ದೇವರನ್ನು ಕೀಳುವುದೆಂದರೇನು, ಅದೂ ಬಸುರಿ ಇರುವ ಮನೆಯಲ್ಲಿ.

ಮರುದಿನ ಹಲಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಇತ್ತು. ಅಕ್ಕ ಮುಂದೆ ಕೂತಳು, ಅವ್ವ ಅವಳ ಹಿಂದೆ. ನಾನು ಕಾರು ಚಾಲೂ ಮಾಡಲಿಲ್ಲ. ಗಣಪತಿಯ ಕಿರೀಟದ ಮೇಲೆ ಬೆರಳಿಟ್ಟು, ಅಲ್ಲಿಂದ ಗಾಳಿಯಲ್ಲೇ ನೇರ ಗೆರೆ ಎಳೆಯುತ್ತ ಬಂದು ಅವಳ ಹೊಟ್ಟೆಗೆ ಒಂದು ಗೇಣು ಇರುವಾಗ ನಿಲ್ಲಿಸಿದೆ. ಅನುಕರಿಸಲು ಯಾರ ದನಿಯೂ ಹೊಳೆಯಲಿಲ್ಲ.

ಅಕ್ಕ ಬೆರಳನ್ನು ನೋಡಿದಳು, ಆಮೇಲೆ ನನ್ನ ಮುಖ.

"ಅವ್ವಾ, ಇವ ಚಾಷ್ಟಿ ಮಾಡ್ಲಿಕ್ ಹತ್ತಿಲ್ಲ."

ಅವ್ವ ಇಳಿದು ಒಳಗೆ ಹೋಗಿ ದಪ್ಪ ದಾರ ತಂದಳು. ಗಣಪತಿಯ ಬುಡಕ್ಕೆ ಹಾಕಿ ಗಮ್ ಬಿಡುವವರೆಗೆ ಗರಗಸದಂತೆ ಎಳೆದಳು. ತಪ್ಪಾಯಿತೆಂದು ಅವನಿಗೆ ಹೇಳುತ್ತಲೇ ಇದ್ದಳು, ಕೂಸು ಬರುವ ತನಕ ದೇವರ ಜಗಲಿಯ ಮೇಲೇ ಇರಪ್ಪ ಎಂದು ಬೇಡಿ, ಒಳಗಿಟ್ಟು ಬಂದಳು. ನಾನು ಕ್ಲಿಪ್ಪು ಕಿತ್ತು, ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ, ಮೇಲ್ಪಟ್ಟಿ ಎದೆಯ ನಡುವೆ ಬರುವಂತೆ ಅಕ್ಕನಿಗೆ ಹಾಕಿದೆ. ಚೀಲದಿಂದ ದೂರವಿರಲೆಂದು ಸೀಟನ್ನು ಹಿಂದಕ್ಕೆ ತಳ್ಳಿದೆ, ಅದು ಅವ್ವನ ಮೊಣಕಾಲಿಗೆ ಬಡಿಯಿತು. ಬೈಗುಳಕ್ಕೆ ಕಾದೆ. ಅವ್ವ ಕಾಲನ್ನು ಸೀಟಿನ ಮೇಲಕ್ಕೆಳೆದು ಚಕ್ಕಳಮಕ್ಕಳ ಹಾಕಿ ಕೂತಳು.

"ಇನ್ನಾ ಹಿಂದ ಬರ್ತದೇನು ನೋಡು," ಎಂದಳು.