ನಾಲ್ಕು ಹತ್ತರ ನಡುಕ

ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಕಂಪ್ಯೂಟರಕ್ಕ ಅನ್ನದವರಿಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ಟೈಪಿಸ್ಟ್ ಆಗಿ ಸೇರಿದವಳು. ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ಅದನ್ನು ಪಕ್ಕದ ಮನೆಯ ನಾಯಿಯಂತೆ ದೂರದಿಂದಲೇ ನೋಡಿದರು. ಇವಳು ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತಳು. ಊಟದ ಬಿಡುವಿನಲ್ಲಿ ಎಡಗೈಯಲ್ಲಿ ಪುಸ್ತಕ ಹಿಡಿದು, ಬಲಗೈಯಲ್ಲಿ ಡಬ್ಬಿ ಖಾಲಿ ಮಾಡುತ್ತ, ಯಾರೂ ಹೇಳಿಕೊಡದೆ ಪ್ರೋಗ್ರಾಮ್ ಬರೆಯುವುದನ್ನು ಕಲಿತಳು. ಗಂಡ ದೂರದೂರಿಗೆ ಬಸ್ ಓಡಿಸುತ್ತಿದ್ದ. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ಹಾಸ್ಟೆಲ್‌ನಲ್ಲಿದ್ದಳು. ಮನೆಯಲ್ಲಿ ಉಳಿದವರು ಇವಳು ಮತ್ತು ಮಾವ, ಇಬ್ಬರೇ.

ಮಾವ ಒಂದು ಕಾಲದಲ್ಲಿ ಊರಂಚಿನ ಕಲ್ಲು ಕ್ವಾರಿಯಲ್ಲಿ ಬಂಡೆಗೆ ಮದ್ದಿಡುತ್ತಿದ್ದವರು. ಮೂವತ್ತು ವರ್ಷ ಆ ಸದ್ದಿನಲ್ಲೇ ಕಳೆದು ಎರಡೂ ಕಿವಿ ಹೋಗಿದ್ದವು. ಕ್ವಾರಿ ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಈಗ ಅವರು ದಿನವಿಡೀ ಜಗುಲಿಯ ಕುರ್ಚಿಯಲ್ಲಿ ಕೂತು, ಬರಿಗಾಲನ್ನು ನೆಲಕ್ಕೆ ಊರಿ, ಬೀದಿ ನೋಡುತ್ತಿದ್ದರು.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಊರಿನಿಂದ ಇನ್ನೂರು ಕಿಲೋಮೀಟರ್ ಒಳಗೆ ಎಲ್ಲಾದರೂ ಭೂಮಿ ನಡುಗಿದರೆ ಅದೇ ದಿನ ಎಲ್ಲ ನೀರಿನ ಟ್ಯಾಂಕುಗಳಲ್ಲಿ ಬಿರುಕು ಇದೆಯೇ ಎಂದು ನೋಡಬೇಕಂತೆ. ಬೆಳಿಗ್ಗೆ ಬೆಳಿಗ್ಗೆ ಭೂಕಂಪ ಅಧ್ಯಯನ ಕೇಂದ್ರದ ವೆಬ್ ಪುಟ ತೆರೆದು ನೋಡುವ ಕೆಲಸ ಇವಳ ತಲೆಗೆ ಬಿತ್ತು. ನಾಲ್ಕು ದಿನ ನೋಡಿದಳು. ಐದನೆಯ ದಿನ, ಇದನ್ನು ಮಾಡಲು ಮನುಷ್ಯರು ಯಾಕೆ ಬೇಕು ಅನಿಸಿತು.

ಕೇಂದ್ರದ ಸರ್ವರ್‌ಗೆ ಒಂದು ವಿಳಾಸ ಕಳುಹಿಸಿದರೆ ಸಾಕಿತ್ತು. ಯಾವ ದಿನದಿಂದ, ಯಾವ ಜಾಗದ ಸುತ್ತ, ಎಷ್ಟು ತೀವ್ರತೆಗಿಂತ ಮೇಲಿನದು ಎಂಬ ಪ್ರಶ್ನೆಯನ್ನೆಲ್ಲ ಆ ವಿಳಾಸದ ಬಾಲದಲ್ಲೇ ಕಟ್ಟಬಹುದು. ಉತ್ತರವಾಗಿ ಅಕ್ಷರ, ಅಂಕಿ, ಆವರಣಗಳ ಉದ್ದನೆಯ ಗಂಟು ಬರುತ್ತದೆ. ಅದನ್ನು ಬಿಚ್ಚಿದರೆ ಒಂದೊಂದು ಕಂಪನದ ಹೊತ್ತು, ತೀವ್ರತೆ, ಆಳ, ಜಾಗ ಸಿಗುತ್ತವೆ. ಐದು ನಿಮಿಷಕ್ಕೊಮ್ಮೆ ತಾನೇ ಕೇಳಿ, ಬಂದದ್ದನ್ನು ಪಟ್ಟಿಗೆ ಸೇರಿಸಿ, ಹೊಸದೇನಾದರೂ ಇದ್ದರೆ ಫೋನಿಗೆ ಸಂದೇಶ ಕಳುಹಿಸುವ ಪ್ರೋಗ್ರಾಮನ್ನು ಎರಡು ಮಧ್ಯಾಹ್ನಗಳಲ್ಲಿ ಬರೆದು ಮುಗಿಸಿದಳು. ತೀವ್ರತೆಯ ಜಾಗದಲ್ಲಿ ಮೂರು ಅಂತ ಹಾಕಬೇಕಿತ್ತು, ಮರೆತು ಖಾಲಿ ಬಿಟ್ಟಳು. ಹಾಗಾಗಿ ಯಾರ ಗಮನಕ್ಕೂ ಬಾರದ ಸಣ್ಣ ಪುಟ್ಟ ನಡುಕಗಳೂ ಪಟ್ಟಿಗೆ ಬಂದು ಕೂತವು. ಫೋನಿಗೆ ದಿನಾ ಬರುವ ಹತ್ತಾರು ಸಂದೇಶಗಳಲ್ಲಿ ಮೂರಕ್ಕಿಂತ ಸಣ್ಣದನ್ನು ಅವಳು ನೋಡದೆ ಬಿಟ್ಟಳು.

ಒಂದೂವರೆ ತಿಂಗಳಾದ ಮೇಲೆ ತನ್ನ ಪಟ್ಟಿಯನ್ನೂ ಕೇಂದ್ರದ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ತನ್ನದರಲ್ಲಿ ನಲವತ್ತೊಂದು ಸಾಲು ಹೆಚ್ಚಿದ್ದವು. ಕೇಂದ್ರದ ಪಟ್ಟಿಯಲ್ಲಿ ಅವುಗಳ ಗುರುತೇ ಇರಲಿಲ್ಲ. ಯಾರೋ ದಿನಾ ಒಂದೊಂದನ್ನೇ ಅಳಿಸುತ್ತ ಬಂದಿದ್ದರು. ನಲವತ್ತೊಂದೂ ಒಂದೇ ಜಾತಿಯವು: ತೀವ್ರತೆ ಒಂದು, ಒಂದೂಕಾಲು, ಆಳ ಸೊನ್ನೆಯ ಹತ್ತಿರ, ಜಾಗ ಇದೇ ಊರು.

ಹೊತ್ತನ್ನು ಕೇಂದ್ರದವರು ಹದಿಮೂರು ಅಂಕಿಗಳ ಒಂದೇ ಸಂಖ್ಯೆಯಾಗಿ ಕೊಡುತ್ತಿದ್ದರು. ನೋಡಿದರೆ ಏನೂ ತಿಳಿಯದು. ಅದನ್ನು ಊರ ಗಡಿಯಾರದ ಲೆಕ್ಕಕ್ಕೆ ತಿರುಗಿಸುವ ಒಂದು ಸಾಲು ಬರೆದು ಗುಂಡಿ ಒತ್ತಿದಳು. ಪರದೆಯ ಮೇಲೆ ಒಂದರ ಕೆಳಗೊಂದು ಸಾಲು ಇಳಿಯತೊಡಗಿದವು. ಮಧ್ಯಾಹ್ನ ನಾಲ್ಕು ಹತ್ತು. ನಾಲ್ಕು ಹತ್ತು. ನಾಲ್ಕು ಹತ್ತು. ಕೊನೆಯ ಸಾಲಿನವರೆಗೂ ಅದೇ.

ಪ್ರೋಗ್ರಾಮಿನಲ್ಲೇ ತಪ್ಪಿರಬೇಕೆಂದು ಮೂರು ಸಲ ಓದಿದಳು. ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು ಅನಿಸಿತು.

ಮರುದಿನ ಕೇಂದ್ರಕ್ಕೆ ಫೋನ್ ಮಾಡಿದಳು. ಅಲ್ಲಿಂದ ಇಲ್ಲಿಗೆ ದಾಟಿಸಿ, ಇಲ್ಲಿಂದ ಅಲ್ಲಿಗೆ ದಾಟಿಸಿ, ಕೊನೆಗೆ ಒಬ್ಬ ವಿಜ್ಞಾನಿ ಸಿಕ್ಕಿದರು. ದನಿಯಲ್ಲಿ ವಯಸ್ಸಾಗಿತ್ತು, ಸಹನೆ ಇತ್ತು.

"ಅದಾ ಮೇಡಂ? ಅದನ್ನ ಅಳಿಸೋದು ನಾನೇ. ಯಂತ್ರ ತನ್ನಷ್ಟಕ್ಕೆ ಭೂಕಂಪ ಅಂತ ಬರೆದುಬಿಡುತ್ತೆ. ದಿನಾ ಒಂದೇ ಹೊತ್ತಿಗೆ ಬಂದರೆ ಅದು ಭೂಕಂಪ ಅಲ್ಲ, ಕ್ವಾರಿಯವರು ಬಂಡೆ ಸಿಡಿಸೋದು. ನಿಮ್ಮ ಊರಲ್ಲಿ ಕ್ವಾರಿ ಇದೆಯಲ್ಲ, ನಮ್ಮ ನಕ್ಷೆಯಲ್ಲಿ ಕಾಣುತ್ತೆ."

"ಸಾರ್, ಆ ಕ್ವಾರಿ ಮುಚ್ಚಿ ಹನ್ನೊಂದು ವರ್ಷ ಆಯ್ತು."

ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು. "ನಿಮ್ಮ ನಂಬರ್ ಕೊಡಿ," ಎಂದರು.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. "ಇನ್ನೊಂದು ವಿಚಿತ್ರ ಇದೆ ಮೇಡಂ. ಎಲ್ಲದರ ಮೂಲ ದಾಖಲೆ ತೆಗೆದು ನೋಡಿದೆ. ಪ್ರತಿ ಸಲವೂ ದೊಡ್ಡ ನಡುಕಕ್ಕೆ ಸುಮಾರು ಒಂದು ನಿಮಿಷ ಮುಂಚೆ ಮೂರು ಪುಟ್ಟ ಮಿಡಿತ ಇದೆ. ಕೆಳಗೆ ಎಲ್ಲೋ ಬಂಡೆ ಕಳಚಿ ಬೀಳೋಕೆ ಮುಂಚೆ ಒಳಗೆ ಬಿರುಕು ಬಿಡ್ತಾ ಇರಬಹುದು. ಆದರೆ ಸರಿಯಾಗಿ ಮೂರೇ ಯಾಕೆ ಅನ್ನೋದು ನನಗೂ ಗೊತ್ತಾಗಲಿಲ್ಲ."

ಆ ವಾರ ಅವಳಿಗೆ ಜ್ವರ ಬಂದು ಮನೆಯಲ್ಲೇ ಉಳಿದಳು. ಮಧ್ಯಾಹ್ನ ಚಾಪೆ ಹಾಸಿಕೊಂಡು ನಡುಮನೆಯಲ್ಲಿ ಮಲಗಿದ್ದಳು. ಜಗುಲಿಯ ಬಾಗಿಲು ತೆರೆದಿತ್ತು. ಇದ್ದಕ್ಕಿದ್ದಂತೆ ಮಾವ ಕುರ್ಚಿಯಿಂದ ಎದ್ದರು. ಬೀದಿಯ ಕಡೆ ಮೂರು ಹೆಜ್ಜೆ ಇಟ್ಟು, ಬಲಗೈ ಮೇಲೆತ್ತಿ, ಯಾರೂ ಇಲ್ಲದ ಬೀದಿಗೆ, "ಹಿಂದೆ ಸರೀರಿ, ಎಲ್ಲ ಹಿಂದೆ ಸರೀರಿ," ಎಂದರು. ಹಾಗೇ ನಿಂತರು. ತಲೆದಿಂಬಿನ ಪಕ್ಕ ಇದ್ದ ಲೋಟದ ನೀರಿನಲ್ಲಿ ಸಣ್ಣ ಉಂಗುರವೊಂದು ಎದ್ದು ಅಂಚಿಗೆ ಹೋಗಿ ಮಾಯವಾಯಿತು. ಮಾವ ಕೈ ಇಳಿಸಿ, ತಿರುಗಿ ಬಂದು, ಏನೂ ಆಗದವರಂತೆ ಕೂತರು. ಆರೇಳು ನಿಮಿಷ ಕಳೆದ ಮೇಲೆ ಅವಳ ಫೋನ್ ಸದ್ದು ಮಾಡಿತು. ಹೊಸ ಸಾಲು ಬಂದಿತ್ತು.

ಅವಳು ಎದ್ದು ಹೋಗಿ ಅವರ ಕಾಲ ಬಳಿ ಕೂತು, ತುಟಿ ಓದಲು ಸಿಗುವಂತೆ ಮುಖ ಎತ್ತಿ ನಿಧಾನವಾಗಿ ಕೇಳಿದಳು. "ಮಾವ, ಯಾಕೆ ಎದ್ರಿ?"

"ಸೀಟಿ ಕೇಳಿಸ್ತಲ್ಲಮ್ಮ. ಮೂರು ಸಲ."

"ನಿಮಗೆ ಬಾಗಿಲು ಬಡಿದರೂ ಕೇಳಿಸಲ್ಲ. ಸೀಟಿ ಹೇಗೆ ಕೇಳಿಸುತ್ತೆ? ಯಾರು ಊದಿದ್ದು?"

ಮಾವ ಅವಳನ್ನು ಪ್ರಶ್ನೆಯೇ ವಿಚಿತ್ರ ಎಂಬಂತೆ ನೋಡಿದರು. "ನಾನೇ. ಮದ್ದಿಗೆ ಬೆಂಕಿ ಕೊಡೋಕೆ ಮುಂಚೆ ನಾನೇ ತಾನೆ ಊದೋದು? ಕಾಲಲ್ಲಿ ಕೇಳಿಸುತ್ತೆ."

"ದಿನಾನಾ?"

"ಏಳೆಂಟು ತಿಂಗಳಾಯ್ತು. ಮೊದಲು ದೂರ ಇತ್ತು. ಈಗ ಮನೆ ದಾಟಿ ಆ ಕಡೆ ಹೋಗಿದೆ." ಎಂದು ಬೀದಿಯ ಆ ತುದಿಗೆ ಗಲ್ಲ ಎತ್ತಿ ತೋರಿಸಿದರು.

ಜ್ವರ ಅವಳಿಗೆ ಮರೆತೇ ಹೋಯಿತು. ಪಟ್ಟಿ ತೆರೆದಳು. ಇಷ್ಟು ಸಣ್ಣ ನಡುಕದ ಜಾಗ ಅರ್ಧ ಕಿಲೋಮೀಟರ್ ಆಚೀಚೆ ಆಗಬಹುದು, ಒಂದೊಂದನ್ನೇ ನಂಬಬೇಡಿ ಎಂದು ವಿಜ್ಞಾನಿ ಹೇಳಿದ್ದರು. ಅದಕ್ಕೇ ಒಂದೊಂದು ವಾರದ್ದನ್ನು ಒಟ್ಟುಗೂಡಿಸಿ ಸರಾಸರಿ ತೆಗೆದು, ಊರ ನಕ್ಷೆಯ ಮೇಲೆ ವಾರಕ್ಕೊಂದು ಚುಕ್ಕೆ ಇಟ್ಟಳು. ಮೊದಲ ಚುಕ್ಕೆ ಕ್ವಾರಿಯ ಬೇಲಿಯ ಬಳಿ ಬಿತ್ತು. ಎರಡನೆಯದು ಬೀದಿಯ ಮೊದಲಿಗೆ. ನಾಲ್ಕನೆಯದು ಸರಿಯಾಗಿ ಅವಳ ಅಡುಗೆಮನೆಯ ಮೇಲೆ. ಆ ವಾರ ಸಂಜೆ ಕಚೇರಿಯಿಂದ ಬಂದಾಗಲೆಲ್ಲ ಗೂಡಿನ ಲೋಟಗಳು ಅಂಚಿಗೆ ಸರಿದು ಕೂತಿರುತ್ತಿದ್ದುದು, ಬೆಕ್ಕಿರಬೇಕು ಎಂದು ತಾನು ಬೈದದ್ದು ಅವಳಿಗೆ ನೆನಪಾಯಿತು. ಆಮೇಲಿನ ಚುಕ್ಕೆಗಳು ಮನೆ ದಾಟಿ ನೇರವಾಗಿ ನಡೆದಿದ್ದವು. ಬೀದಿಯ ಆ ತುದಿಯಲ್ಲಿದ್ದದ್ದು ಪ್ರಾಥಮಿಕ ಶಾಲೆ.

"ಮಾವ," ಎಂದು ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದಳು, "ಇಲ್ಲಿ ಕೆಳಗೆ ಏನಿದೆ?"

ಅವರು ಅವಳ ಬೆರಳನ್ನು ಮೆಲ್ಲಗೆ ಸರಿಸಿ ಅದೇ ಜಾಗದಲ್ಲಿ ತಮ್ಮ ಬೆರಳಿಟ್ಟರು. "ಸುರಂಗ ಇದೆಯಮ್ಮ. ಒಳ್ಳೆ ಕಲ್ಲು ಈ ಕಡೆ ಓಡ್ತಿತ್ತು. ಯಜಮಾನ ಬೇಲಿ ಒಳಗಿನಿಂದಲೇ ಭೂಮಿ ಕೆಳಗೆ ತೆಗೆಸಿದ. ನಕ್ಷೆಯಲ್ಲಿ ಹಾಕಲಿಲ್ಲ. ಬಾಯಿ ಬಿಟ್ಟರೆ ಕೆಲಸ ಇಲ್ಲ ಅಂದ. ಶಾಲೆ ಆಮೇಲೆ ಕಟ್ಟಿದ್ದು. ಕಟ್ಟುವಾಗ ದಿನಾ ಹೋಗಿ ನೋಡ್ತಾ ನಿಲ್ಲುತ್ತಿದ್ದೆ. ಹೇಳೋಕೆ ಬಾಯಿ ಬರಲಿಲ್ಲ."

ಅವಳು ಅವರನ್ನು ಬೈಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವಳಿಗೆ ತನ್ನದೇ ಕಚೇರಿಯ ಪುಸ್ತಕ ಕಣ್ಣ ಮುಂದೆ ಬಂದಿತ್ತು. ಕ್ವಾರಿಯ ಗುಂಡಿ ಹನ್ನೊಂದು ವರ್ಷದಲ್ಲಿ ತುಂಬಿ ಕೆರೆಯಂತಾಗಿತ್ತು. ಎಂಟು ತಿಂಗಳ ಹಿಂದೆ ಅಲ್ಲಿ ಪಂಪ್ ಕೂರಿಸಿ, ಸಂಜೆಯ ನೀರಿಗೆ ಅಲ್ಲಿಂದಲೇ ಎತ್ತತೊಡಗಿದ್ದರು. ಪಂಪ್ ಹಾಕುವ ಹೊತ್ತು ಮಧ್ಯಾಹ್ನ ನಾಲ್ಕು. ಆ ಆದೇಶವನ್ನು ಟೈಪ್ ಮಾಡಿದ್ದು ಇವಳೇ. ಗುಂಡಿಯಿಂದ ಸುರಂಗಕ್ಕೆ ನುಗ್ಗಿ ನಿಂತ ನೀರೇ ಅದರ ಚಾವಣಿಯನ್ನು ಹೊತ್ತಿತ್ತು. ನೀರು ಇಳಿದಂತೆಲ್ಲ ಚಾವಣಿ ದಿನಕ್ಕೊಂದು ತುಂಡು ಕಳಚಿಕೊಳ್ಳುತ್ತಿತ್ತು.

ಇಂಜಿನಿಯರ್ ಸಾಹೇಬರು ನಕ್ಷೆ ನೋಡಿ ನಕ್ಕರು. "ಕಂಪ್ಯೂಟರಕ್ಕ, ಜ್ವರ ಪೂರ್ತಿ ಬಿಟ್ಟಿದೆಯಾ?"

"ಜ್ವರ ಬಿಟ್ಟಿದೆ ಸಾರ್. ಇದು ಬಿಟ್ಟಿಲ್ಲ." ಅವಳು ವಿಜ್ಞಾನಿಗೆ ಫೋನ್ ಹಚ್ಚಿ ಸಾಹೇಬರ ಕೈಗೆ ಕೊಟ್ಟಳು. ಸಾಹೇಬರ ನಗು ಮಾತು ಮುಂದುವರಿದಂತೆ ಬತ್ತುತ್ತ ಹೋಯಿತು. ಅಂದೇ ಪಂಪ್ ನಿಲ್ಲಿಸಿದರು. ವಿಜ್ಞಾನಿ ವಾರದ ಕೊನೆಗೆ ಉಪಕರಣ ತರುವುದಾಗಿ ಹೇಳಿದರು.

ಪಂಪ್ ನಿಂತ ದಿನ ಅವಳು ಕಚೇರಿಯ ಗಡಿಯಾರವನ್ನೇ ನೋಡುತ್ತ ಕೂತಳು. ನಾಲ್ಕಾಯಿತು. ನಾಲ್ಕು ಹತ್ತಾಯಿತು. ನಾಲ್ಕು ಹದಿನೇಳಕ್ಕೆ ಫೋನ್ ಸದ್ದು ಮಾಡಿತು. ಸಾಲಿನಲ್ಲಿ ಅದೇ ಹೊತ್ತು, ಅದೇ ಆಳ. ತೀವ್ರತೆ ಮಾತ್ರ ಒಂದೂಮುಕ್ಕಾಲು. ನೀರೆತ್ತುವ ಕೈ ನಿಂತಿದ್ದರೂ ಕೆಳಗಿದ್ದದ್ದು ಹೊತ್ತು ತಪ್ಪಿಸಲಿಲ್ಲ. ಇದು ಹೇಗೆಂದು ಆಮೇಲೆ ವಿಜ್ಞಾನಿಯನ್ನು ಕೇಳಿದವರಿಗೆಲ್ಲ, ತಮಗೂ ತಿಳಿಯಲಿಲ್ಲ ಎಂದೇ ಅವರು ಹೇಳಿದರು.

ಮರುದಿನ ಮೂರೂವರೆಗೆ ಅವಳು ಮಾವನ ಕೈ ಹಿಡಿದುಕೊಂಡು ಶಾಲೆಗೆ ಹೋದಳು. ಕೊನೆಯ ಪೀರಿಯಡ್, ಮಕ್ಕಳೆಲ್ಲ ಮೈದಾನದಲ್ಲಿ ಆಡುತ್ತಿದ್ದವು. ಹೆಡ್ ಮೇಡಂ ನಕ್ಷೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಮೇಲಿನವರ ಕಾಗದ ಇಲ್ಲದೆ ಶಾಲೆ ಖಾಲಿ ಮಾಡಿಸೋಕೆ ನನಗೆ ಅಧಿಕಾರ ಇಲ್ಲಮ್ಮ."

"ಖಾಲಿ ಮಾಡಿಸೋದು ಬೇಡ ಮೇಡಂ. ಇವತ್ತು ಕಾಲು ಗಂಟೆ ಮಕ್ಕಳನ್ನ ಗೇಟಿನ ಹೊರಗೆ ನಿಲ್ಲಿಸಿ, ಅಷ್ಟೇ."

"ಪೋಷಕರು ಕೇಳಿದರೆ ಏನು ಹೇಳಲಿ?"

ನಾಲ್ಕು ದಾಟಿದರೂ ಇಬ್ಬರ ಮಾತು ಹೀಗೆ ಎಳೆದಾಡುತ್ತಿರುವಾಗ ಮಾವ ಚಪ್ಪಲಿ ಬಿಟ್ಟು ಮೈದಾನಕ್ಕೆ ಇಳಿದಿದ್ದರು. ನಡುವೆ ಹೋಗಿ, ನೆಲಕ್ಕೆ ಕಿವಿ ಕೊಟ್ಟವರಂತೆ ತಲೆ ಬಾಗಿಸಿ ನಿಂತರು. ಅವಳು ಕಿಟಕಿಯಿಂದ ನೋಡಿದಳು. ಅವರ ಹೆಗಲು ಒಮ್ಮೆ ಅದುರಿತು. ಮತ್ತೊಮ್ಮೆ. ಮತ್ತೊಮ್ಮೆ. ಕೈ ಮೇಲೆದ್ದಿತು. "ಹಿಂದೆ ಸರೀರಿ! ಓಡ್ರೋ ಮಕ್ಕಳಾ, ಗೋಡೆ ಹತ್ತಿರ ಓಡ್ರಿ!" ಮೂವತ್ತು ವರ್ಷ ಕ್ವಾರಿಯ ಆಳಕ್ಕೆ ಕೂಗಿದ ಗಂಟಲು ಅದು. ಮಕ್ಕಳಿಗೆ ಆಟ ಅನಿಸಿತೋ, ಹೆದರಿಕೆ ಆಯಿತೋ, ಒಂದೂ ಉಳಿಯದೆ ಮೈದಾನದ ಅಂಚಿನ ಗೋಡೆಯ ಕಡೆ ಓಡಿದವು. ಅವಳು ಕೋಣೆಯಿಂದ ಓಡಿ ಬಂದು ಮಾವನ ತೋಳು ಹಿಡಿದು ಎಳೆದಳು. ಅವರು ಕದಲಲಿಲ್ಲ. "ಎಲ್ಲರೂ ಸರಿದರಾ? ಎಣಿಸಿದೆಯಾ?" ಎಂದು ಕೇಳಿದರು. "ಸರಿದರು ಮಾವ, ಎಲ್ಲ ಸರಿದರು, ಬನ್ನಿ," ಎಂದು ಅತ್ತುಬಿಟ್ಟಳು. ಆಮೇಲಷ್ಟೇ ಅವರು ಹೆಜ್ಜೆ ಕಿತ್ತರು.

ದೊಡ್ಡ ಸದ್ದೇನೂ ಆಗಲಿಲ್ಲ. ಮಲಗಿದವರು ಉಸಿರು ಬಿಟ್ಟಂತೆ ಒಂದು ಸದ್ದು, ಅಷ್ಟೇ. ಮೈದಾನದ ನಡುವೆ ಬಸ್ಸು ಹಿಡಿಸುವಷ್ಟು ಅಗಲಕ್ಕೆ ನೆಲವೇ ಇರಲಿಲ್ಲ. ಗೋಲ್ ಕಂಬಗಳಲ್ಲಿ ಒಂದು ಉಳಿದಿತ್ತು. ಆ ಗುಂಡಿಯ ಬಾಯಿಂದ ತಣ್ಣನೆಯ, ಒದ್ದೆ ಕಲ್ಲಿನ ವಾಸನೆಯ ಗಾಳಿ ಬಹಳ ಹೊತ್ತು ಮೇಲೆ ಬರುತ್ತಲೇ ಇತ್ತು. ಗೋಡೆಗೆ ಅಂಟಿ ನಿಂತ ಇನ್ನೂರು ಮಕ್ಕಳಲ್ಲಿ ಒಬ್ಬರೂ ಅಳಲಿಲ್ಲ. ಹೆಡ್ ಮೇಡಂ ಹಾಜರಿ ಪುಸ್ತಕ ತೆರೆದು ಹೆಸರು ಕೂಗತೊಡಗಿದರು. ಎಲ್ಲರೂ ಇದ್ದರು.

ಕೇಂದ್ರದ ಪಟ್ಟಿಯಲ್ಲಿ ಆ ದಿನದ ಸಾಲನ್ನು ಯಾರೂ ಅಳಿಸಲಿಲ್ಲ. ವಿಜ್ಞಾನಿ ಅದರ ಮುಂದೆ ಭೂಕಂಪ ಎಂದಿದ್ದುದನ್ನು ತೆಗೆದು ಗಣಿ ಕುಸಿತ ಎಂದು ಬರೆದರು. ಹಳೆಯ ನಲವತ್ತು ಚಿಲ್ಲರೆ ಸಾಲುಗಳನ್ನೂ ಅವಳ ಪಟ್ಟಿಯಿಂದ ತರಿಸಿ ಮರಳಿ ಸೇರಿಸಿದರು. ಶಾಲೆಯನ್ನು ಬೇರೆ ಕಡೆ ಸಾಗಿಸಿದರು. ಬೀದಿಯ ಹನ್ನೆರಡು ಮನೆಗಳಿಗೆ ಬೀಗ ಬಿತ್ತು, ಇವಳದ್ದೂ ಸೇರಿ. ವಿಚಾರಣೆಯ ಮುಂದೆ ಮಾವ ಸುರಂಗದ ಉದ್ದ, ಅಗಲ, ತಿರುವು ಎಲ್ಲವನ್ನೂ ಮೂರು ದಿನ ಕೂತು ಹೇಳಿ ಬರೆಸಿದರು. ಬಾಡಿಗೆ ಮನೆ ಎರಡನೆಯ ಮಹಡಿಯಲ್ಲಿತ್ತು. ಅಲ್ಲಿ ಅವರು ಒಂದು ಮಳೆಗಾಲ ಬದುಕಿದ್ದರು. ಮಧ್ಯಾಹ್ನಗಳಲ್ಲಿ ನಿದ್ದೆ ಮಾಡುವುದನ್ನು ಹೊಸದಾಗಿ ಕಲಿತಿದ್ದರು.

ಅವಳು ಪ್ರೋಗ್ರಾಮ್ ನಿಲ್ಲಿಸಲಿಲ್ಲ. ಪ್ರಶ್ನೆಯ ಬಾಲದಲ್ಲಿದ್ದ ಇನ್ನೂರು ಕಿಲೋಮೀಟರನ್ನು ಸಾವಿರ ಮಾಡಿದಳು. ಅಳಿಸಿಹೋದ ಸಾಲುಗಳನ್ನು ಮಾತ್ರ ಹೆಕ್ಕಿ, ಹೊತ್ತಿನ ಪ್ರಕಾರ ಜೋಡಿಸಿ, ವಾರಕ್ಕೊಮ್ಮೆ ನೋಡುವುದು ರೂಢಿಯಾಯಿತು. ಮಾವ ತೀರಿಹೋದ ವರ್ಷದ ಕೊನೆಗೆ, ಎಂದೂ ಕಾಣದ ಒಂದು ಊರಿನ ಹತ್ತೊಂಬತ್ತು ಸಾಲುಗಳು ಒಂದರ ಕೆಳಗೊಂದು ಬಂದು ನಿಂತವು. ಎಲ್ಲವೂ ಬೆಳಿಗ್ಗೆ ಹನ್ನೊಂದು ಇಪ್ಪತ್ತೈದು.

ಆ ಊರಿನ ನೀರು ಸರಬರಾಜು ಕಚೇರಿಯ ನಂಬರ್ ಹುಡುಕಿ ಫೋನ್ ಮಾಡಿದಳು. ಒಬ್ಬ ಹೆಂಗಸು ಎತ್ತಿದಳು.

"ನಿಮ್ಮ ಊರಲ್ಲಿ ಹಳೆಯ ಗಣಿ ಏನಾದರೂ ಇದೆಯಾ?"

"ಗಣಿಯಾ? ಇಲ್ಲವಲ್ಲ. ನಾನು ಇಲ್ಲೇ ಹುಟ್ಟಿ ಬೆಳೆದವಳು, ಕೇಳೇ ಇಲ್ಲ. ಯಾಕೆ? ಯಾರು ನೀವು?"

ಅವಳು ತನ್ನ ಕಚೇರಿಯ ಹೆಸರು ಹೇಳಿದಳು. "ಒಂದು ಉಪಕಾರ ಮಾಡಿ. ನಿಮ್ಮಲ್ಲಿ ತುಂಬಾ ವಯಸ್ಸಾದವರು ಯಾರಿದ್ದಾರೋ ಅವರನ್ನ ಕೇಳಿ. ನಾನು ಫೋನ್ ಇಡಲ್ಲ, ಕಾಯ್ತೀನಿ."

ಆ ಕಡೆ ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು, ದೂರವಾಗುವ ಚಪ್ಪಲಿಯ ಸದ್ದು ಕೇಳಿಸಿತು. ಅವಳು ಪೆನ್ನು ಹಿಡಿದು, ಹಾಳೆಯ ಮೇಲೆ ಆ ಊರಿನ ಹೆಸರು ಬರೆದು, ಕಾದಳು.