ಮುಂದಕ್ಕೆ ಸರಿದಿದ್ದ ಸೀಟು

ಬೀದಿಯ ಅರ್ಧ ಜನರ ನಗು ಮೇಷ್ಟ್ರ ಕೈಕೆಲಸ. ಹಲ್ಲಿನ ಡಾಕ್ಟರು ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ತಕ್ಕ ಹಲ್ಲುಸೆಟ್ಟನ್ನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಮಾಡಿಕೊಡುವುದು ಅವರ ಕಸುಬು. ಜೊತೆಗೆ, ಕೇಳಿದವರಿಗೂ ಕೇಳದವರಿಗೂ ಪಾಠ ಹೇಳುವ ಚಟ. ಹಾಗಾಗಿ ಎಲ್ಲರಿಗೂ ಅವರು ಹಲ್ಲಿನ ಮೇಷ್ಟ್ರು.

ಪಾಠದ ವಿಷಯ ಒಂದೇ, ಅವರ ಹಳೆಯ ರೋಟರಿ ಎಂಜಿನ್ ಕಾರು. "ಬೇರೆ ಕಾರಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಕುಣಿಯುತ್ತೆ. ಇದರಲ್ಲಿ ಮೂರು ಮೂಲೆಯ ಬಿಲ್ಲೆ ಸುತ್ತುತ್ತೆ," ಎಂದು ಅವರು ಶುರು ಮಾಡಿದರೆ ಎದುರಿಗಿದ್ದವರಿಗೆ ಮನೆಯಲ್ಲಿ ಬಿಟ್ಟುಬಂದ ಕೆಲಸವೆಲ್ಲ ನೆನಪಾಗುತ್ತಿತ್ತು. ಪಾಠದ ಕೊನೆಗೊಂದು ನಿಯಮ. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಮೇಲೆ ಬಿಸಿಯಾಗುವ ತನಕ ಆಫ್ ಮಾಡಕೂಡದು. ತಣ್ಣಗಿದ್ದಾಗ ಅದು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ನಡುವೆ ನಿಲ್ಲಿಸಿದರೆ ಉರಿಯದ ಪೆಟ್ರೋಲ್ ಒಳಗೇ ಉಳಿದು ಕಿಡಿ ಹಾರಿಸುವ ಪ್ಲಗ್ಗುಗಳು ತೊಯ್ದುಹೋಗುತ್ತವೆ. ಆಮೇಲೆ ಗಾಡಿ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ತಾನು ಒಮ್ಮೆಯೂ ಈ ತಪ್ಪು ಮಾಡಿಲ್ಲವೆಂಬುದು ಮೇಷ್ಟ್ರ ಹೆಮ್ಮೆ. ಆ ಹೆಮ್ಮೆ ಕಾರಿಗಿಂತ ಚೆನ್ನಾಗಿ ಓಡುತ್ತಿತ್ತು.

ಆ ಭಾನುವಾರ ಹನ್ನೆರಡು ಗಂಟೆಗೆ ಮೇಷ್ಟ್ರ ಹೆಂಡತಿ ತನ್ನ ಅಕ್ಕನ ಮನೆಯಲ್ಲಿರಬೇಕಿತ್ತು. ಅಕ್ಕ ತಂಗಿ ಮಾತು ಬಿಟ್ಟು ಆರು ವರ್ಷವಾಗಿತ್ತು. ಅಮ್ಮನ ಹೊಲಿಗೆ ಯಂತ್ರವನ್ನು ಅಕ್ಕ ಹೇಳದೆ ಕೇಳದೆ ಒಯ್ದಳು, ತಂಗಿ ಆಡಬಾರದ ಮಾತೊಂದನ್ನು ಆಡಿದಳು, ಅಷ್ಟೇ. ಈಗ ಅಕ್ಕನೇ ಫೋನ್ ಮಾಡಿ, "ಭಾನುವಾರ ಊಟಕ್ಕೆ ಬಾ. ಈ ಸಲಾನೂ ಬರಲಿಲ್ಲ ಅಂದ್ರೆ ನಾನಂತೂ ಮತ್ತೆ ಕರೆಯಲ್ಲ," ಎಂದಿದ್ದಳು. ಭಾನುವಾರ ಅಕ್ಕನ ಊರಿಗೆ ಬಸ್ಸಿಲ್ಲ. ಹೆಂಡತಿ ಬೆಳಿಗ್ಗೆಯಿಂದ ಮೂರು ಸಲ ಬಟ್ಟೆ ಬದಲಾಯಿಸಿದ್ದಳು.

ಹತ್ತು ಗಂಟೆಗೆ ಮೇಷ್ಟ್ರು ಶೆಡ್ಡಿಗೆ ಹೋಗಿ ಕಾರಿನಲ್ಲಿ ಕೂರಲು ನೋಡಿದರೆ ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಸೀಟು ಒಂದು ಗೇಣು ಮುಂದಕ್ಕೆ ಸರಿದಿತ್ತು. ಹೇಗೋ ಮುದುರಿಕೊಂಡು ಕೀ ತಿರುಗಿಸಿದರು. ಎಂಜಿನ್ ಗರಗರ ಸುತ್ತಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು.

ಇಳಿದು ನೋಡಿದರೆ ಅಂಗಳದ ಧೂಳಿನಲ್ಲಿ ಚಕ್ರದ ಗುರುತು ಗೇಟಿನ ತನಕ ಹೋಗಿ ಹಾಗೇ ವಾಪಸು ಬಂದಿತ್ತು. ಮನೆಯಲ್ಲಿರುವವರು ಇಬ್ಬರು, ಅವರಲ್ಲಿ ಕುಳ್ಳಗಿರುವವರು ಒಬ್ಬರೇ. ತಾನು ಸ್ನಾನಕ್ಕೆ ಹೋಗಿದ್ದಾಗ ಹೆಂಡತಿ ಒಬ್ಬಳೇ ಹೊರಟಿದ್ದಾಳೆ. ಗೇಟಿನ ಹತ್ತಿರ ಧೈರ್ಯ ಸಾಲದೆ ಹಿಂದಕ್ಕೆ ಬಂದು ಆಫ್ ಮಾಡಿದ್ದಾಳೆ. ಮೇಷ್ಟ್ರಿಗೆ ಮೊದಲು ಬಂದದ್ದು ಕೋಪ. ಆಮೇಲೆ ಆ ಗೇಟಿನ ಮುಂದೆ ಒಬ್ಬಳೇ ಕೂತಿದ್ದ ಹೆಂಡತಿ ಕಣ್ಣಿಗೆ ಕಟ್ಟಿ, ಪಾಪ ಅನ್ನಿಸಿತು.

ಅಷ್ಟರಲ್ಲಿ ಎದುರುಮನೆಯ ಬಸ್ ಡ್ರೈವರ್ ಮೂಗರಳಿಸಿಕೊಂಡು ಬಂದರು. ರಿಟೈರ್ ಆದ ಮೇಲೆ ಅವರಿಗೆ ಇದ್ದ ಕೆಲಸವೆಂದರೆ ಮೇಷ್ಟ್ರ ಪಾಠ ಕೇಳಿಸಿಕೊಳ್ಳುವುದು. ಕೇಳಿ ಕೇಳಿ ಬೆಂದುಹೋಗಿದ್ದ ಜೀವ.

"ಏನ್ ಮೇಷ್ಟ್ರೇ, ತಣ್ಣಗಿದ್ದಾಗ್ಲೇ ಆಫ್ ಮಾಡಿದ ಹಾಗಿದೆಯಲ್ಲ. ಯಾರ ಕೆಲಸ ಇದು?"

ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ಬಿಳಚಿಕೊಂಡಿತು. ಮೇಷ್ಟ್ರು ಅದನ್ನು ನೋಡಿದರು.

"ನಂದೇ," ಎಂದರು. "ತೊಳೆಯೋಣ ಅಂತ ಹೊರಗೆ ತಂದೆ. ಏನೋ ಯೋಚನೇಲಿ ಆಫ್ ಮಾಡಿಬಿಟ್ಟೆ."

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕರು, ಅದೂ ಮೇಷ್ಟ್ರೇ ಮಾಡಿಕೊಟ್ಟ ಹಲ್ಲಿನಲ್ಲಿ. "ಹೇಳೋದು ಪುರಾಣ, ತಿನ್ನೋದು ಬದನೆಕಾಯಿ."

ಸಂಜೆಯೊಳಗೆ ಇದು ಬೀದಿಗೆಲ್ಲ ಹಬ್ಬುತ್ತದೆಂದು ಮೇಷ್ಟ್ರಿಗೆ ಗೊತ್ತಿತ್ತು. ಸಿಗರೇಟು ತೆಗೆದ ಡ್ರೈವರನ್ನು ಪೆಟ್ರೋಲಿನ ನೆಪದಲ್ಲಿ ಗೇಟಿನಾಚೆಗೆ ಅಟ್ಟಿದರು. ಆ ದಿನ ಅವರಿಗೆ ಸಿಕ್ಕ ಮೊದಲ ಸಂತೋಷ ಅದು.

ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತರು, ಕಿಡಿ ಹಾರದಂತೆ ಕಾಯಿಲಿನ ತಂತಿ ಬಿಡಿಸಿದರು. ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. "ಇಲ್ಲಿ ಬಾ," ಎಂದು ಹೆಂಡತಿಯನ್ನು ಕರೆದರು. "ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಕೀ ತಿರುಗಿಸು. ಒಳಗಿರೋ ಪೆಟ್ರೋಲೆಲ್ಲ ಆಚೆ ಬರಲಿ."

ಆಕೆ ಕೂತಳು. ಸೀಟನ್ನು ಮುಂದಕ್ಕೆಳೆಯಲು ಕೈ ಕೆಳಗೆ ಹೋಯಿತು, ಅಲ್ಲೇ ನಿಂತಿತು. ಕಾಲು ಆಗಲೇ ಪೆಡಲಿಗೆ ಸರಿಯಾಗಿ ಎಟುಕಿತ್ತು. ಆಕೆ ಗಂಡನ ಕಡೆ ನೋಡಿದಳು. ಮೇಷ್ಟ್ರು ಒಂದು ಪ್ಲಗ್ಗನ್ನು ಹುಳುಕು ಹಲ್ಲಿನಂತೆ ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದರು.

ಪೆಟ್ರೋಲ್ ಚಿಮ್ಮಿ ಹೋಯಿತು. ಒಳಗಿನ ಎಣ್ಣೆಯ ಪಸೆಯೂ ಅದರ ಜೊತೆ ತೊಳೆದುಹೋಗಿರುವುದರಿಂದ ಮೇಷ್ಟ್ರು ಎಂಜಿನ್ನಿನ ಎರಡು ಬಿಲ್ಲೆಗಳಿಗೂ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟರು. ಒರೆಸಿದ ಪ್ಲಗ್ಗುಗಳನ್ನು ಹಾಕಿ, ಫ್ಯೂಸು ತಂತಿಗಳನ್ನು ಸೇರಿಸುವ ಹೊತ್ತಿಗೆ ಹನ್ನೊಂದೂಕಾಲು. ಮೂರನೆಯ ಸಲ ಕೀ ತಿರುಗಿಸಿದಾಗ ಎಂಜಿನ್ ಕೆಮ್ಮಿ, ಅಂಗಳದ ತುಂಬ ಬಿಳಿ ಹೊಗೆ ಕಾರಿ ಎದ್ದಿತು. ಗೇಟಿನಾಚೆ ಡ್ರೈವರ್ ಕೆಮ್ಮುವುದು ಕೇಳಿ ಮೇಷ್ಟ್ರಿಗೆ ಎರಡನೆಯ ಸಂತೋಷವೂ ಆಯಿತು.

ಹೆಂಡತಿ ಇಳಿಯಲು ಹೋದಳು.

"ಇಳೀಬೇಡ, ನೀನೇ ಓಡಿಸು," ಎಂದರು ಮೇಷ್ಟ್ರು. ಹೆಂಡತಿಗೆ ಲೈಸೆನ್ಸ್ ಇದ್ದರೂ ಆ ಸ್ಟೀರಿಂಗನ್ನು ಅವರಾಗಿ ಎಂದೂ ಬಿಟ್ಟುಕೊಟ್ಟಿರಲಿಲ್ಲ. ಕೈ ಒರೆಸಿಕೊಂಡು ಗೇಟು ತೆರೆದು, ಬಂದು ಪಕ್ಕದಲ್ಲಿ ಕೂತರು.

ಗೇಟಿನ ಹತ್ತಿರ ಆಕೆ ಬ್ರೇಕ್ ಒತ್ತಿದಳು. ಆಕೆಯ ಕೈ ಕೀಯ ಮೇಲಿತ್ತು.

"ರೀ, ಅಕ್ಕ ಆ ಮಾತು ಮತ್ತೆ ಎತ್ತಿದ್ರೆ?"

ಮೇಷ್ಟ್ರು ಜೀವನದಲ್ಲಿ ಮೊದಲ ಸಲ ಪಾಠ ಶುರು ಮಾಡಲಿಲ್ಲ. "ನಾನು ಜೊತೆಗಿರ್ತೀನಲ್ಲ," ಎಂದರು.

"ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ..."

"ಗೊತ್ತು. ಮೊಣಕಾಲು ಇನ್ನೂ ನೋಯ್ತಿದೆ."

ಆಕೆಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎಂಜಿನ್ ಇನ್ನೂ ಬಿಸಿಯಾಗಿರಲಿಲ್ಲ. ಆಕೆ ಕೀಯ ಮೇಲಿದ್ದ ಕೈಯನ್ನು ತೆಗೆದು ಗೇರು ಹಾಕಿ, ಗೇಟು ದಾಟಿ, ಅಕ್ಕನ ಊರಿನ ರಸ್ತೆಗೆ ತಿರುಗಿದಳು.