ನೀಲಾವತಿ ಹೇಳಬಾರದಿದ್ದ ಮಾತು

ಮುಂಬಯಿಯ ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವಕ್ಕೆ, ಚಪ್ಪಲಿ ಅಂಗಡಿಗಳ ಸಾಲು ಮುಗಿಯುವಲ್ಲಿ ಒಂದು ಸಣ್ಣ ಹೋಟೆಲಿದೆ. ಅದರ ಗಲ್ಲಾದ ಹಿಂದೆ ಕೂತವಳು ನೀಲಾವತಿ. ಮದುವೆಯಾಗಿ ಕಾಪುವಿನಿಂದ ಬಂದ ಹೊಸದರಲ್ಲಿ ಗಂಡ ಶೇಖರ, "ಒಂದು ವಾರದ ಮಟ್ಟಿಗೆ ಗಲ್ಲಾ ನೋಡಿಕೋ, ಊರಿಂದ ಜನ ಬರ್ತದೆ" ಎಂದಿದ್ದನಂತೆ. ಆ ಜನ ಇನ್ನೂ ಬಂದಿಲ್ಲ. ಮಗಳು ವಿಜೇತಾ ಹುಟ್ಟಿ, ಬೆಳೆದು, ಬಾಂದ್ರಾದ ಆಫೀಸೊಂದಕ್ಕೆ ಹೋಗುವಷ್ಟು ದೊಡ್ಡವಳಾದಳು. ಶೇಖರ ಮಾರ್ಕೆಟ್ಟು ತಿರುಗುತ್ತಾನೆ, ಈಕೆ ಕೂತೇ ಇದ್ದಾಳೆ.

ನಾನು ಬೆಳಗಾವಿ ಕಡೆಯವನು, ಹೆಸರು ಬಸವಂತಪ್ಪ. ಬಟ್ಟೆ ವ್ಯಾಪಾರ ಮಗನಿಗೆ ಒಪ್ಪಿಸಿ ಈಗ ಹೋಟೆಲಿನ ಹಿಂದಿನ ಬಿಲ್ಡಿಂಗಿನಲ್ಲಿ ಕಾಲ ಕಳೆಯುತ್ತಿದ್ದೇನೆ. ದಿನಾ ಬೆಳಿಗ್ಗೆ ಗಲ್ಲಾದ ಪಕ್ಕದ ಟೇಬಲ್ಲೇ ನನ್ನ ಜಾಗ. ಕಾಫಿ ನೆಪ; ಮಾತು, ಇನ್ನೂ ಸರಿಯಾಗಿ ಹೇಳಬೇಕೆಂದರೆ ಜಗಳ, ಮುಖ್ಯ. ನೀಲಾವತಿ ಜಗಳಕ್ಕೆ ಒಳ್ಳೆಯ ಜೊತೆ. ದನಿ ಏರಿಸುವುದಿಲ್ಲ, ಸೋಲುವುದೂ ಇಲ್ಲ.

ಅಡಿಗೆಮನೆಯ ಒಡೆಯ ದೂಜ, ಇವರ ಊರ ಕಡೆಯವನೇ. ಕನ್ನಡ ಓದಬಲ್ಲ, ಇಂಗ್ಲಿಷ್ ಅವನ ಪಾಲಿಗೆ ಇರುವೆ ಸಾಲು. ಕೆಲವು ವರ್ಷಗಳ ಹಿಂದೆ ವೇಟರುಗಳ ಕೈಗೆ ಫೋನು ಬಂತು, ಒಲೆಯ ಮುಂದಿನ ಗೋಡೆಗೆ ಸ್ಕ್ರೀನು ಬಂತು. ಗಿರಾಕಿ ಕೇಳಿದ್ದು ಅದರ ಮೇಲೆ ಇಂಗ್ಲಿಷಿನಲ್ಲಿ ಮೂಡುತ್ತಿತ್ತು. ಇಡ್ಲಿ ಕೇಳಿದವರಿಗೆ ಉಪ್ಪಿಟ್ಟು ಹೋಯಿತು, ಉಪ್ಪಿಟ್ಟು ಬೇಡವೆಂದವರಿಗೆ ಇನ್ನೊಂದು ಪ್ಲೇಟ್ ಉಪ್ಪಿಟ್ಟು ಹೋಯಿತು. "ಇದರ ಕೈಕೆಳಗೆ ನನ್ನಿಂದ ದೋಸೆ ಹೊಯ್ಲಿಕ್ಕೆ ಆಗುದಿಲ್ಲ" ಎಂದು ದೂಜ ಸಟ್ಟುಗ ಕೆಳಗಿಟ್ಟ.

ಆ ಸಾಫ್ಟ್‌ವೇರ್ ಓಪನ್ ಸೋರ್ಸ್ ಜಾತಿಯದು. ಎಲ್ಲೆಲ್ಲಿಯದೋ ಜನ ಕೂಡಿ ಬರೆದದ್ದು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಹಂಚಬಹುದು. ಊರ ಬಾವಿ ಇದ್ದ ಹಾಗೆ. ಅದರ ಹೆಸರನ್ನು ನಾನು ಹೇಳುವುದಿಲ್ಲ. ಹೆಸರು ಹೇಳಿದ್ದಕ್ಕೂ ನೋಟಿಸು ಬರುವ ಕಾಲ ಇದು.

ಬೇಕಾದವರು ತಮ್ಮ ಭಾಷೆಯ ಮಾತುಗಳನ್ನು ಅದಕ್ಕೆ ಕೊಡಬಹುದು ಎಂದು ಮಗಳಿಂದ ತಿಳಿದದ್ದೇ ತಡ, ನೀಲಾವತಿ ಕೂತಳು. ಊಟದ ಹೊತ್ತು ಮುಗಿದು ಸಂಜೆಯ ತಿಂಡಿಗೆ ಜನ ಬರುವವರೆಗಿನ ಬಿಡುವಿನಲ್ಲಿ, ಅದನ್ನು ನೋಡಿಕೊಳ್ಳುತ್ತಿದ್ದ ಕಂಪನಿಯ ವೆಬ್‌ಸೈಟಿನಲ್ಲಿ ಒಂದೊಂದೇ ಮಾತನ್ನು ಕನ್ನಡದಲ್ಲಿ ಟೈಪ್ ಮಾಡಿದಳು. ಅವಳ ಬಳಿ ನಿಘಂಟು ಇರಲಿಲ್ಲ, ಕಾಪುವಿನ ಶಾಲೆಯ ಕನ್ನಡ ಇತ್ತು. 'ಪೆಂಡಿಂಗ್' ಎಂಬಲ್ಲಿ 'ಒಲೆಯ ಮೇಲಿದೆ' ಎಂದು ಬರೆದಳು. 'ಕ್ಯಾನ್ಸಲ್' ಎಂಬಲ್ಲಿ 'ಬೇಡವಂತೆ'. ಎಲ್ಲ ಮುಗಿದ ಮೇಲೆ ಒತ್ತುವ 'ಎಕ್ಸಿಟ್' ಗುಂಡಿಗೆ ಬರೆದದ್ದು 'ಹೋಗಿ ಬರ್ತೇನೆ'.

ನಾನು ನಕ್ಕೆ. "ಮಷೀನು ಎಲ್ಲಿಗ್ ಹೋಗಿ ಬರ್ತದರೀ?" ಎಂದೆ.

"ಹೋಗ್ತೇನೆ ಅಂತ ಯಾರಾದರೂ ಹೇಳ್ತಾರಾ? ಬಾಗಿಲಲ್ಲಿ ನಿಂತು ಅಷ್ಟೇ ಹೇಳಿದರೆ ನನ್ನ ಅಮ್ಮ ವಾಪಸ್ ಕರೆದು ಕೂರಿಸ್ತಿದ್ದರು" ಎಂದಳು ನೀಲಾವತಿ.

ಮಾತು ನಿಜ. ನಮ್ಮ ಕಡೆಯಲ್ಲೂ ಎದ್ದು ಹೊರಟವರು 'ಬರ್ತೀನ್ರಿ' ಅನ್ನುತ್ತಾರೆ. ಮರಾಠಿಯವರು ಹೋಗುವಾಗ 'ಯೇತೋ' ಅನ್ನುತ್ತಾರೆ. ಹೋಗುವ ಮಾತನ್ನು ಬರುವ ಮಾತಿನಿಂದ ಮುಚ್ಚುವುದು ಈ ಸೀಮೆಯ ಜನರ ಹಳೆಯ ಜಾಣತನ. ದೂಜನಿಗೆ ಆ ಗುಂಡಿ ಎಷ್ಟು ಹಿಡಿಸಿತೆಂದರೆ, ಒಲೆ ಆರಿಸಿ ಕೈ ತೊಳೆದು ಒರೆಸಿಕೊಂಡೇ ಅದನ್ನು ಒತ್ತುತ್ತಿದ್ದ. ಜೋಗೇಶ್ವರಿಯಲ್ಲಿ, ಬಾಂದ್ರಾದಲ್ಲಿ ನಮ್ಮವರ ಹೋಟೆಲುಗಳ ಅಡಿಗೆಮನೆಗಳಿಗೂ ಆ ಕನ್ನಡ ಹೋಯಿತು. ಯಾರು ಬರೆದದ್ದೆಂದು ಯಾರೂ ಕೇಳಲಿಲ್ಲ, ಈಕೆ ಹೇಳಿಕೊಳ್ಳಲೂ ಇಲ್ಲ.

ಆಮೇಲೆ ಆ ಸಾಫ್ಟ್‌ವೇರನ್ನು ಪೋಷಿಸುತ್ತಿದ್ದ ಸಣ್ಣ ಕಂಪನಿಯನ್ನು ದೊಡ್ಡದೊಂದು ಕಂಪನಿ ಕೊಂಡಿತು. ಕೊಂಡವರು, ಇನ್ನು ಮುಂದಿನದೆಲ್ಲ ಬೀಗದೊಳಗೆ, ಬಿಚ್ಚಿ ನೋಡುವ ಹಾಗಿಲ್ಲ, ಹಂಚುವ ಹಾಗಿಲ್ಲ ಎಂದರು. ಮೊದಲಿನಿಂದ ದುಡಿದವರು ಸುಮ್ಮನಿರಲಿಲ್ಲ. ಬೀಗ ಬೀಳುವ ಮುಂಚಿನದನ್ನು ಎತ್ತಿಕೊಂಡು, ಹೊಸ ಹೆಸರಿಟ್ಟು, ಬೇರೆ ಒಲೆ ಹೂಡಿದರು. ಹಾಗೆ ಮಾಡಲು ಹಳೆಯ ಕರಾರಿನಲ್ಲಿ ಹಕ್ಕಿತ್ತು. ದೊಡ್ಡ ಕಂಪನಿ ಹೊರದೇಶದ ಕೋರ್ಟಿಗೆ ಹೋಯಿತು. ಅದರ ವಾದದಲ್ಲಿ ಒಂದು ಎಳೆ ನಮ್ಮ ಅಡಿಗೆಮನೆಯವರೆಗೂ ಬಂತು: ಪ್ರೋಗ್ರಾಂ ಎಲ್ಲರದು ಇರಬಹುದು, ಆದರೆ ಬೇರೆ ಬೇರೆ ಭಾಷೆಗಳ ಮಾತುಗಳನ್ನು ಜನ ಬರೆದದ್ದು ನಮ್ಮ ವೆಬ್‌ಸೈಟಿನಲ್ಲಿ, ಒಪ್ಪಿಗೆ ಎಂದು ಟಿಕ್ ಹಾಕಿ; ಆದ್ದರಿಂದ ಅವು ನಮ್ಮವು. ಬಾವಿ ಊರದ್ದು, ಹಗ್ಗ ನಮ್ಮದು ಅಂದ ಹಾಗೆ. ಪುಕ್ಕಟೆ ದುಡಿಸಿಕೊಂಡು, ದುಡಿದವರ ಮಾತನ್ನೇ ತಮ್ಮದೆನ್ನುವುದು! ಉಂಡೂ ಹೋದ, ಕೊಂಡೂ ಹೋದ ಎಂಬುದನ್ನು ಇಂಥವರನ್ನು ನೋಡಿಯೇ ಹೇಳಿರಬೇಕು.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ. ಬೇರೆ ಒಲೆಯವರಿಗೆ ವಕೀಲರನ್ನು ಸಾಕುವ ಶಕ್ತಿ ಇರಲಿಲ್ಲ, ರಾಜಿಯಾದರು. ಹಳೆಯ ಮಾತುಗಳನ್ನೆಲ್ಲ ಕಿತ್ತು ಹಾಕುತ್ತೇವೆ, ಅವುಗಳನ್ನು ನೋಡದವರಿಂದಲೇ ಹೊಸದಾಗಿ ಬರೆಸುತ್ತೇವೆ ಎಂದು ಬರೆದುಕೊಟ್ಟರು. ಆ ಗುಂಪಿನ ಪರವಾಗಿ ಮುಂಬಯಿಯಲ್ಲಿ ಕೆಲಸ ಮಾಡುತ್ತಿದ್ದ ನಿಶಾ ಎಂಬ ಹುಡುಗಿ ಹೋಟೆಲಿಗೇ ಬಂದಳು. ಒಳ್ಳೆಯ ಹುಡುಗಿ, ಹೇಳುವಾಗ ಮುಖ ಸಣ್ಣದು ಮಾಡಿಕೊಂಡಳು.

"ಆಂಟಿ, ಆಪ್ ನಹೀಂ ಲಿಖ್ ಸಕ್ತೇ. ಔರ್ ಜೋ ಲಿಖೇಗಾ, ಉಸ್‌ಕೋ ಬತಾನಾ ಭೀ ನಹೀಂ."

ಎಂದರೆ, ಕನ್ನಡ ಬಲ್ಲವರು ಯಾರು ಬೇಕಾದರೂ ಬರೆಯಬಹುದು, ನೀಲಾವತಿ ಮಾತ್ರ ಬರೆಯುವ ಹಾಗಿಲ್ಲ. ಬರೆಯುವವರ ಕಿವಿಯಲ್ಲಿ ಹಳೆಯ ಮಾತನ್ನು ಉಸುರುವ ಹಾಗೂ ಇಲ್ಲ. ನೀಲಾವತಿ ಸೋಂಪಿನ ಬಟ್ಟಲನ್ನು ಸರಿಮಾಡಿದಳು. ಆಮೇಲೆ ಹೇಳುವುದಿಲ್ಲವೆಂದು ಮಾತು ಕೊಟ್ಟಳು.

ನನಗೆ ತಡೆಯಲಾಗಲಿಲ್ಲ. "ಅಲ್ರೀ, ನಿಮ್ಮ ಮಾತು ನಿಮಗ ಆಡೂ ಹಂಗಿಲ್ಲಂದ್ರ ಇದೆಂಥಾ ನ್ಯಾಯರೀ?"

"ನ್ಯಾಯ ಅಲ್ಲ ಮಾರಾಯ್ರೇ, ಒಪ್ಪಿಕೊಂಡದ್ದು. ನನ್ನ ಬಾಯಿಂದ ಆ ಮಕ್ಕಳ ಮೇಲೆ ಇನ್ನೊಂದು ಕೇಸು ಬೀಳುದು ಬೇಡ."

ಬೇರೆ ಒಲೆಯವರ ಹೊಸ ಸಾಫ್ಟ್‌ವೇರ್ ಹೋಟೆಲಿಗೆ ಬಂದಾಗ ಕನ್ನಡದ ಜಾಗವೆಲ್ಲ ಖಾಲಿ, ಅಲ್ಲಿ ಮತ್ತೆ ಇಂಗ್ಲಿಷ್. ದೂಜನ ಸಲುವಾಗಿ ವೇಟರುಗಳು ಆರ್ಡರನ್ನು ಕೂಗಿ ಹೇಳತೊಡಗಿದರು. ಯಾರಾದರೂ ಬೇಗ ಬರೆಯಬೇಕಿತ್ತು. ಬರೆಯಲು ಮುಂದೆ ಬಂದವಳು ವಿಜೇತಾ. ಕೂದಲಿಗೆ ಒಗ್ಗರಣೆಯ ವಾಸನೆ ಹತ್ತುತ್ತದೆಂದು ಕಾಲೇಜು ಸೇರಿದಂದಿನಿಂದ ಅಡಿಗೆಮನೆಯ ಹೊಸ್ತಿಲು ದಾಟದವಳು, ಆ ಸ್ಕ್ರೀನನ್ನಾಗಲಿ ಅಮ್ಮ ಬರೆದ ಮಾತುಗಳನ್ನಾಗಲಿ ಒಮ್ಮೆಯೂ ನೋಡಿರಲಿಲ್ಲ. ಭಾನುವಾರದ ಕ್ಲಾಸಿನಲ್ಲಿ ಅಕ್ಷರ ಕಲಿತಿದ್ದಳು. ಮನೆಯಲ್ಲಿ ತುಳು ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ನಿಶಾ ಎಲ್ಲ ಕೇಳಿ ಒಪ್ಪಿದಳು.

ವಿಜೇತಾ ಆಫೀಸಿಗೆ ಹೊರಡುವ ಮುಂಚೆ ನನ್ನ ಎದುರಿನ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂರುತ್ತಿದ್ದಳು. ನಿಘಂಟು ನೋಡಿ, ತುಟಿ ಅಲ್ಲಾಡಿಸಿ ಓದಿ ಬರೆಯುತ್ತಿದ್ದಳು. 'ಒಲೆಯ ಮೇಲಿದೆ' ಇದ್ದಲ್ಲಿ 'ಬಾಕಿ' ಬಂತು. 'ಬೇಡವಂತೆ' ಇದ್ದಲ್ಲಿ 'ರದ್ದು' ಬಂತು. ಗಲ್ಲಾದ ಹಿಂದೆ ನೀಲಾವತಿ ಕೇಳಿಸಿಕೊಳ್ಳುತ್ತ, ಚಿಲ್ಲರೆ ಎಣಿಸುವವಳಂತೆ ತಲೆ ತಗ್ಗಿಸಿ ಇರುತ್ತಿದ್ದಳು. ಅವು ಬಂದರೂ ಬರಲಿ, ದೂಜನಿಗೆ ಅರ್ಥವಾದರೆ ಸಾಕು ಎಂದು ನನ್ನ ಬಳಿ ಹೇಳಿದಳು. ಕೊನೆಗೆ 'ಎಕ್ಸಿಟ್' ಬಂತು. ವಿಜೇತಾ 'ನಿರ್ಗಮನ' ಎಂದು ಬರೆದು, ಜೋರಾಗಿ ಓದಿ, "ಸಹೀ ಹೈ ನಾ, ಅಮ್ಮ?" ಎಂದಳು.

ನೀಲಾವತಿ, "ನನ್ನನ್ನು ಕೇಳಬೇಡ" ಎಂದಳು.

ಮಗಳು ಆಚೆ ಹೋದ ಮೇಲೆ ನಾನೆಂದೆ, "ನೀವು ಹೇಳಬ್ಯಾಡ್ರಿ. ನಾ ಹೇಳ್ತೀನಿ."

"ನೀವು ಹೇಳಿದರೂ ನಾನು ಹೇಳಿದ ಹಾಗೇ" ಎಂದಳು. ಮತ್ತೆ, "ಪೇಪರಿನಲ್ಲಿ ದೊಡ್ಡವರು ಸತ್ತಾಗ ಫೋಟೋದ ಕೆಳಗೆ ಬರೆಯುವ ಶಬ್ದ ಅದು. ಒಲೆ ಆರಿಸಿ ದೂಜ ಅದನ್ನು ಒತ್ತಬೇಕು" ಎಂದಳು. ಕಣ್ಣು ತುಂಬಿತ್ತು. ನಾನು ಆರಿದ ಕಾಫಿ ಕುಡಿದು ಮುಗಿಸಿದೆ.

ಒಂದು ವಿಷಯ ನನಗೆ ಆಮೇಲೆ ಹೊಳೆಯಿತು. ಹೊಲ ಮಾರಿದರೆ ಹೊಲ ಹೋಗುತ್ತದೆ, ಅಂಗಡಿ ಮಾರಿದರೆ ಅಂಗಡಿ ಹೋಗುತ್ತದೆ. ಮಾತು ಮಾರಿದವರೂ ಇಲ್ಲ, ಕಳೆದುಕೊಂಡವರೂ ಇಲ್ಲ, ಆದರೂ ಒಬ್ಬಳು ಹೆಂಗಸು ತನ್ನ ಮಗಳೆದುರು ಬಾಯಿ ಕಟ್ಟಿಕೊಂಡು ಕೂತಿದ್ದಳು. ಕೊಂಡವರಿಗೆ ಇವಳಿದ್ದಾಳೆಂದೇ ಗೊತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು.

ಮಾತುಗಳನ್ನೆಲ್ಲ ನಿಶಾಳಿಗೆ ಒಪ್ಪಿಸಬೇಕಾದ ದಿನ ಬೆಳಿಗ್ಗೆ ವಿಜೇತಾ ಕೊನೆಯದಾಗಿ ಒಮ್ಮೆ ನೋಡಿ ಲ್ಯಾಪ್‌ಟಾಪ್ ಮುಚ್ಚಿದಳು. ಅಷ್ಟು ದಿನ ಮಾತುಗಳ ಜೊತೆ ಗುದ್ದಾಡಿದ್ದಕ್ಕೋ ಏನೋ, ಯಾವಾಗಲೂ 'ಬಾಯ್' ಎನ್ನುವ ಹುಡುಗಿ ಅಂದು ಬೂಟು ಹಾಕಿಕೊಳ್ಳುತ್ತ ತುಳುವಿನಲ್ಲಿ, "ಅಮ್ಮ, ಪೋಪೆ" ಎಂದಳು. ಹೋಗುತ್ತೇನೆ ಎಂದು.

ನೀಲಾವತಿಯ ಬಾಯಿ ತೆರೆಯಿತು. ಹುಟ್ಟಿದಾರಭ್ಯ ತಿದ್ದಿದ ಮಾತು ಅದು. ತಾಯಿ ಇವಳನ್ನು ತಿದ್ದಿದ್ದು, ಇವಳು ಮಗಳನ್ನು ಸಣ್ಣವಳಿದ್ದಾಗ ತಿದ್ದಿದ್ದು, 'ಬಾಯ್' ಬಂದ ಮೇಲೆ ಮಗಳು ಮರೆತದ್ದು. ಅಂದು ತಿದ್ದಿದರೆ ಹೇಳಬಾರದ್ದನ್ನು ಹೇಳಿದಂತೆ. ತೆರೆದ ಬಾಯಿ ಹಾಗೇ ಮುಚ್ಚಿತು.

ಅಷ್ಟರಲ್ಲಿ ಅಡಿಗೆಮನೆಯ ಕಿಂಡಿಯಿಂದ ದೂಜನ ದನಿ ಬಂತು. ಅವನಿಗೆ ನಿಶಾಳ ಷರತ್ತೂ ಗೊತ್ತಿಲ್ಲ, ಕೋರ್ಟೂ ಗೊತ್ತಿಲ್ಲ.

"ಪೋಪೆ ಪನ್ಯರೆ ಬಲ್ಲಿ ಮಗಾ. ಪೋದು ಬರ್ಪೆ ಪನೊಡು."

ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು ಎಂದು. ಹೇಳಿ ಅವನು ದೋಸೆ ಮಗುಚಿದ.

ಒಂದೇ ಬೂಟು ಹಾಕಿಕೊಂಡಿದ್ದ ವಿಜೇತಾ ನಿಂತಳು. "ಪೋದು ಬರ್ಪೆ" ಎಂದು ಮೆಲ್ಲಗೆ ಹೇಳಿಕೊಂಡಳು. ಮತ್ತೆ ತಾಯಿಯ ಕಡೆ ತಿರುಗಿ ತಡವರಿಸುತ್ತ, "ಅಮ್ಮ, ಯೇ ಕನ್ನಡದಲ್ಲಿ... ಹೇಗೆ ಹೇಳುದು?" ಎಂದಳು.

ನಾನು ಪೇಪರನ್ನು ಮುಖಕ್ಕೆ ಹಿಡಿದೆ. ಹಿಡಿಯದಿದ್ದರೆ ನನ್ನ ಬಾಯಿಂದಲೇ ಬೀಳುತ್ತಿತ್ತು.

"ಲೋಕಲ್ ತಪ್ಪುತ್ತದೆ. ಹೋಗು" ಎಂದಳು ನೀಲಾವತಿ.

ಬರೇ 'ಹೋಗು'. ಬಾಗಿಲಲ್ಲಿ ನಿಂತ ಮಗಳಿಗೆ 'ಹೋಗಿ ಬಾ' ಎನ್ನದೆ 'ಹೋಗು' ಎಂದ ತಾಯಿಯನ್ನು ನಾನು ನೋಡಿದ್ದು ಅದೇ ಮೊದಲು. ವಿಜೇತಾ ಇನ್ನೊಂದು ಬೂಟು ಹಾಕಿಕೊಂಡು ಓಡಿದಳು. ಆ ಇಡೀ ದಿನ ನೀಲಾವತಿ ಫೋನನ್ನು ಕೈಯಿಂದ ಬಿಡಲಿಲ್ಲ. ಲೋಕಲ್‌ನಲ್ಲಿ ಗರ್ದಿ ಇತ್ತಾ, ಆಫೀಸು ಮುಟ್ಟಿದಿಯಾ, ಊಟ ಮಾಡಿದಿಯಾ ಎಂದು ಮಗಳನ್ನು ಮತ್ತೆ ಮತ್ತೆ ಕೇಳಿದಳು. ಸಂಜೆ ವಿಜೇತಾ ಬಾಗಿಲಲ್ಲಿ ಕಂಡ ಮೇಲೆ ಒಂದು ಲೋಟ ನೀರು ಕುಡಿದಳು.

ಕೆಲವು ದಿನ ಕಳೆದು ನಿಶಾ ಫೋನು ಮಾಡಿದಳು. ಕನ್ನಡದ ಆ ಒಂದು ಗುಂಡಿಯ ಮಾತು ಹಳೆಯದರ ಹಾಗೆಯೇ ಇದೆಯಲ್ಲ, ಆಂಟಿ ಹೇಳಿಕೊಟ್ಟರೇ ಎಂದು ಅವಳಿಗೆ ಆತಂಕ. ಫೋನು ತೆಗೆದುಕೊಂಡು ವಿಜೇತಾ, ಅಡಿಗೆಯ ದೂಜ ಮಾಮ ತುಳುವಿನಲ್ಲಿ ಬೈದದ್ದನ್ನು ಲೋಕಲ್‌ನಲ್ಲಿ ನಿಂತುಕೊಂಡೇ ಕನ್ನಡಕ್ಕೆ ತಿರುಗಿಸಿದೆ, ಅಮ್ಮನನ್ನು ಕೇಳಿದ್ದಕ್ಕೆ ಹೋಗು ಎಂದು ಓಡಿಸಿದಳು ಎಂದು ಹಿಂದಿಯಲ್ಲಿ ವಿವರಿಸಿದಳು. ನಿಶಾ ಅದನ್ನೆಲ್ಲ ಬರೆದುಕೊಂಡು ತಮ್ಮವರಿಗೆ ಕಳಿಸಿದಳಂತೆ. ಅವರು ಅವರ ವಕೀಲರಿಗೆ ತೋರಿಸಿದರಂತೆ. ತುಳುನಾಡಿನಲ್ಲಿ ಎಲ್ಲರೂ ಆಡುವ ಮಾತಿಗೆ ಯಾರ ಕಾಗದವೂ ಬೇಡ ಎಂದಾಯಿತು.

ಹೊಸ ಕನ್ನಡ ಬಂದ ದಿನ ನಾನು ಮಧ್ಯಾಹ್ನವೂ ಹೋಗಿ ಕೂತೆ. ದೂಜ ಒಲೆ ಆರಿಸಿದ, ಕೈ ತೊಳೆದ, ಒರೆಸಿಕೊಂಡ, ಗುಂಡಿ ಒತ್ತಿದ. ನೀಲಾವತಿ ಕಿಂಡಿಯಿಂದ ಬಗ್ಗಿ, "ದೂಜಣ್ಣ, ಹೊಸದು ಹೇಗುಂಟು?" ಎಂದು ಕೇಳಿದಳು.

"ಹೊಸದೆಂಥದ್ದು? ಮೊದಲಿದ್ದದ್ದೇ ಅಲ್ವಾ?" ಎಂದ ದೂಜ.

ಮರುದಿನ ಬೆಳಿಗ್ಗೆ ವಿಜೇತಾ ಚೀಲ ಹೆಗಲಿಗೇರಿಸಿ, ಫೋನು ನೋಡುತ್ತಲೇ, "ಬಾಯ್ ಅಮ್ಮ" ಎಂದು ಮೆಟ್ಟಿಲಿಳಿದಳು. ನೀಲಾವತಿ ಗಲ್ಲಾ ಬಿಟ್ಟು ಎದ್ದಳು. ಚಿಲ್ಲರೆಗೆ ಕಾದಿದ್ದ ಇಬ್ಬರು ಗಿರಾಕಿಗಳನ್ನು ನಿಲ್ಲಿಸಿ, ಬಾಗಿಲಿನವರೆಗೆ ಬಂದು, ರಸ್ತೆಯ ಮಂದಿಯೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದಳು:

"ಹೋಗಿ ಬಾ."